ಚೌಕಾಬಾರ: ಕೈಯಾರೆ ಕಟ್ಟಿ ಆಡುವ ಕಾಳಗ
ಚೌಕಾಬಾರ ಸರದಿಯ ಮೇಲೆ ಆಡುವ ಕಾಳಗದ ಆಟ. ರೋಣ, ಗಜೇಂದ್ರಗಡ ಸೀಮೆಯೂ ಸೇರಿ ಕನ್ನಡ ನಾಡಿನ ಕಟ್ಟೆ, ಪಡಸಾಲೆಗಳಲ್ಲಿ ಇದು ಬಳಕೆಯಲ್ಲಿದೆ. ಸಲಕರಣೆಯನ್ನು ಆಟಗಾರರೇ ಮಾಡಿಕೊಳ್ಳುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದರೆ ಹಾಸು ಸಿದ್ಧ. ಬಳೆಚೂರು, ಹರಳುಗಳೇ ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಒರಟು ಕಲ್ಲಿಗೆ ತೇಯುತ್ತಾರೆ. ಇಂಥ ನಾಲ್ಕು ಬೀಜ ಎಸೆದು, ಬಿದ್ದ ಲೆಕ್ಕದಷ್ಟು ಮನೆ ಕಾಯಿ ನಡೆಸುತ್ತಾರೆ. ನಾಲ್ಕೂ ಬೆಳ್ಳಗೆ ಬಿದ್ದರೆ 4, ಅದು ಚೌಕ. ನಾಲ್ಕೂ ಕಪ್ಪಾದರೆ 8, ಅದು ಬಾರ. ಎರಡಕ್ಕೂ ಮತ್ತೊಂದು ಸರದಿ ಸಿಗುತ್ತದೆ. ಎದುರಾಳಿಯ ಕಾಯಿ ಕೂತ ಮನೆಗೇ ಬಂದಿಳಿದರೆ ಅದನ್ನು ಕಡಿದಂತೆ; ಅದು ಮೊದಲಿಂದ ಹೊರಡಬೇಕು. ಗುರುತು ಹಾಕಿದ ಕಟ್ಟೆಮನೆಯಲ್ಲಿರುವ ಕಾಯಿಗೆ ಮಾತ್ರ ಭಯವಿಲ್ಲ. ಸಾಮಾನ್ಯವಾಗಿ ಒಂದಾದರೂ ಕಾಯಿ ಕಡಿಯದವರಿಗೆ ನಡುಮನೆಯತ್ತ ಸಾಗುವ ಒಳಸುತ್ತಿಗೆ ಪ್ರವೇಶವಿಲ್ಲ. ಆಟದ ಜೀವವೆಲ್ಲ ಈ ನಿಯಮದಲ್ಲೇ ಇದೆ. ತಮ್ಮ ನಾಲ್ಕೂ ಕಾಯಿಗಳನ್ನು ನಡುಮನೆಗೆ ಮೊದಲು ಸೇರಿಸಿ ಹಣ್ಣು ಮಾಡಿದವರೇ ಗೆದ್ದವರು.