ಮೈಸೂರಿಗೆ ಮುಂಚೆ ಮಸ್ಕಿ

2024ರ ಗಣರಾಜ್ಯೋತ್ಸವದ ದಿನ ರಾಜ್ಯದ 31 ಜಿಲ್ಲೆಗಳಲ್ಲೂ ಸ್ತಬ್ಧಚಿತ್ರದ ವಾಹನಗಳು ಹೊರಟವು. ಸಂವಿಧಾನದ ಎಪ್ಪತ್ತೈದನೇ ವರ್ಷದ ನೆಪದಲ್ಲಿ ಸಮಾಜ ಕಲ್ಯಾಣ ಇಲಾಖೆ ನಡೆಸಿದ ಸಂವಿಧಾನ ಜಾಗೃತಿ ಜಾಥಾ ಅದು. ಗ್ರಾಮ ಪಂಚಾಯಿತಿಗಳನ್ನು ಸುತ್ತಿದ ಜಾಥಾ ಫೆಬ್ರುವರಿ 24, 25ರ ಬೆಂಗಳೂರು ಸಮಾವೇಶದೊಂದಿಗೆ ಮುಗಿಯಿತು. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳ ಮಕ್ಕಳಿಗೂ ಊರ ಬಾಗಿಲಲ್ಲೇ ಪೀಠಿಕೆಯ ಪಾಠ ಆಯಿತು.

ಆಗ ಹಕ್ಕಿನ ಕಥೆ ಮಕ್ಕಳ ಬಳಿ ಬಂದಿತ್ತು. ಮಕ್ಕಳೇ ಅದನ್ನು ಹುಡುಕಿಕೊಂಡು ಹೊರಡುವ ಪ್ರವಾಸಗಳೂ ಇವೆ. ಅಮೆರಿಕದ ಹೈಸ್ಕೂಲು ಹುಡುಗರು ಬಸ್ಸು ಹತ್ತಿ, 1955ರಲ್ಲಿ ಕಪ್ಪು ಹೆಣ್ಣುಮಗಳು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತ ಮಾಂಟ್ಗೊಮರಿಗೆ, 1965ರಲ್ಲಿ ಮತದ ಹಕ್ಕು ಕೇಳಿ ನಡೆದವರ ಮೇಲೆ ಪೊಲೀಸರು ಲಾಠಿ ಬೀಸಿದ ಸೆಲ್ಮಾದ ಸೇತುವೆಗೆ ಹೋಗುತ್ತಾರೆ. ನಮ್ಮಲ್ಲಿ ಸರ್ಕಾರಿ ಪ್ರೌಢಶಾಲೆ ಮಕ್ಕಳಿಗೆ ಚಿಣ್ಣರ ಕರ್ನಾಟಕ ದರ್ಶನ ಇದೆ. ಬಸ್ಸು, ಊಟ ಎಲ್ಲ ಪುಕ್ಕಟೆ. ಆದರೆ ಹಂಪಿ, ಬಾದಾಮಿ, ಮೈಸೂರು ಎಂದ ಕೂಡಲೇ ಪಟ್ಟಿ ತುಂಬಿಬಿಡುತ್ತದೆ.

ರಾಯಚೂರು ಜಿಲ್ಲೆಯೊಳಗೇ ಬೇರೊಂದು ದಾರಿ ಇದೆ.

ಅದು ನಗರದಲ್ಲೇ ಶುರುವಾಗಬಹುದು. ನಿಜಾಮರ ಆಳ್ವಿಕೆಯಲ್ಲಿ, 1920ರ ಹೊತ್ತಿಗೆ, ಪಂಡಿತ ತಾರಾನಾಥರು ಇಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಹೆಸರು ಉರ್ದು, ಅರ್ಥ 'ನೋವಿನಲ್ಲಿ ಜೊತೆಗಾರ'. ಇಂದಿನ ಮಕ್ಕಳು ಸಂವಿಧಾನದ 371ಜೆ ವಿಧಿ ಈ ಭಾಗಕ್ಕೆ ಕೊಟ್ಟ ಮೀಸಲಾತಿಯ ಸರ್ಟಿಫಿಕೇಟಿಗೆ ಕ್ಯೂ ನಿಲ್ಲುವ ಊರು ಕೂಡ ಇದೇ.

ಮಾನ್ವಿ ದಾಟಿ ಸಿಂಧನೂರು ರಸ್ತೆ ಹಿಡಿದರೆ ಪೋತ್ನಾಳ. ದಲಿತ ಕೂಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯ ನೆಲೆ ಇದು. ಇವರು ಹೇಳುವ ಕೂಲಿಯ ಲೆಕ್ಕ, ಸಾರಾಯಿಯ ಕಾಟ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ.

ಈ ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಸ್ಕಿಯಲ್ಲಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಶಾಸನ, 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ತಿಳಿಸಿತು. ಮೇಷ್ಟ್ರುಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಅದೇ ಬಂಡೆ ಮುಂದಕ್ಕೆ ಇನ್ನೊಂದು ಮಾತು ಹೇಳುತ್ತದೆ: ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಎತ್ತರ ಮುಟ್ಟಬಲ್ಲ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಯಾರೂ ತಿಳಿಯಬಾರದು. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು, ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿ ಹೊತ್ತ ಮಕ್ಕಳ ಮನೆಯ ಹತ್ತಿರವೇ!

ಮರಳುವಾಗ ದೇವದುರ್ಗ. ಗುಳೆ ಹೋಗುವ ಅಪ್ಪ ಅಮ್ಮಂದಿರ ಜೊತೆ ಪುಣೆ, ಬೆಂಗಳೂರು ಸೇರಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳ ತಾಲ್ಲೂಕು. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ಬಂದ ದೇಶದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮನೆಯ ಗೂಟಕ್ಕೆ ತೂಗಿದ್ದ ಜಾಬ್ ಕಾರ್ಡನ್ನು ಇಲ್ಲಿ ಚರಿತ್ರೆಯ ದಾಖಲೆಯಾಗಿ ಓದಿಸಬಹುದು.

ಇಷ್ಟಕ್ಕೆ ಎರಡು ದಿನ ಸಾಕು. ಡಿಸೆಂಬರಿನ ಪ್ರವಾಸಕ್ಕೆ ಪಟ್ಟಿ ಹಾಕುವ ಮೇಷ್ಟ್ರುಗಳು, ಟೀಚರಮ್ಮಂದಿರು ಈ ಸಲ ಮೈಸೂರಿಗೆ ಮುಂಚೆ ಮಸ್ಕಿ ಎಂದು ಬರೆದು ನೋಡಲಿ.