ಸಾಧಾರಣ ಪಾದರಕ್ಷೆ, ಸಮರ್ಥ ನಿರೂಪಣೆ

ಪಾದರಕ್ಷೆಯ ವಿನ್ಯಾಸವೆಂದೊಡನೆ ಫ್ಯಾಷನ್ ಪ್ರದರ್ಶನದ ಬೆಡಗು ನೆನಪಾಗುವುದು ಸಹಜ. ಆದರೆ ಕಾರ್ಖಾನೆ ಸೇರಿದ ತರುಣ ವಿನ್ಯಾಸಕರಿಗೆ ದೊರೆಯುವ ಕೆಲಸ ಬಹುಮಟ್ಟಿಗೆ ಶಾಲೆಯ ಕರಿಯ ಬೂಟು, ರಬ್ಬರ್ ಚಪ್ಪಲಿಗಳಂಥದು. ಮುಂದಿನ ಉದ್ಯೋಗಕ್ಕಾಗಿ ಪೋರ್ಟ್‌ಫೋಲಿಯೊ ಸಿದ್ಧಪಡಿಸುವಾಗ ಇವನ್ನು ಮರೆಮಾಡಿ, ಕಲ್ಪನೆಯ ಚಿತ್ರಗಳನ್ನಷ್ಟೇ ತುಂಬುವವರುಂಟು. ಹಾಗೆ ಮಾಡಿದರೆ ದುಡಿದು ಗಳಿಸಿದ ಅನುಭವವೇ ಅಳಿಸಿಹೋಗುತ್ತದೆ.

ಶಾಲೆಯ ಬೂಟು ನಿಜವಾಗಿಯೂ ಸುಲಭದ ಕೆಲಸವೇ? ಆಂಧ್ರಪ್ರದೇಶ ಸರ್ಕಾರವು 2020ರಲ್ಲಿ ಆರಂಭಿಸಿದ ವಿದ್ಯಾ ಕಾನುಕ ಯೋಜನೆಯಲ್ಲಿ ಪುಸ್ತಕ, ಸಮವಸ್ತ್ರಗಳೊಡನೆ ಒಂದು ಜೊತೆ ಬೂಟೂ ಸೇರಿತ್ತು. ರಾಯದುರ್ಗ, ಮಡಕಶಿರ ಸೀಮೆಯ ಸರ್ಕಾರಿ ಶಾಲೆಯ ಮಕ್ಕಳಿಗೂ ಅದು ಸಲ್ಲತಕ್ಕದ್ದಾಗಿತ್ತು. ಅಂಥ ಬೂಟು ಅಗ್ಗವಾಗಿರಬೇಕು, ನಿತ್ಯದ ನಡಿಗೆಗೆ ಬಾಳಬೇಕು, ಹಲವು ಅಳತೆಗಳಲ್ಲಿ ಒದಗಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ಸುಮಾರು 8.5 ಮಿ.ಮೀ. ಉದ್ದದ ಅಂತರವಿದೆ; ಅದಕ್ಕೆ ತಕ್ಕಂತೆ ಸುತ್ತಳತೆಯೂ ಹೆಚ್ಚಬೇಕು. ಬೆರಳು ಬೆಳೆಯಲು ಎಡೆ ಬೇಕು, ಹಿಮ್ಮಡಿ ಜಾರದಂತೆ ಹಿಡಿತವೂ ಬೇಕು. ಕಣ್ಣಿಗೆ ಬೀಳದ ಈ ನಿರ್ಧಾರಗಳೇ ವಿನ್ಯಾಸ.

ಆದ್ದರಿಂದ ಪ್ರತಿಯೊಂದು ಮಾದರಿಯ ಪಕ್ಕದಲ್ಲಿ ನಾಲ್ಕು ಸಂಗತಿಗಳಿರಬೇಕು: ಎದುರಾದ ಸಮಸ್ಯೆ, ಇದ್ದ ಮಿತಿ, ಕೈಗೊಂಡ ನಿರ್ಧಾರ, ದೊರೆತ ಫಲ. ‘ಹುಡುಗರ ಕರಿಯ ಬೂಟು’ ಎಂಬ ಶೀರ್ಷಿಕೆ ಏನನ್ನೂ ಹೇಳುವುದಿಲ್ಲ. ‘ಮೇಲ್ಭಾಗದ ಏಳು ತುಂಡುಗಳನ್ನು ಐದಕ್ಕಿಳಿಸಿದ್ದರಿಂದ ಹೊಲಿಗೆಯೂ ಕತ್ತರಿಸುವಾಗಿನ ನಷ್ಟವೂ ತಗ್ಗಿದವು’ ಎಂಬ ವಾಕ್ಯವು ವಿನ್ಯಾಸಕನ ಬುದ್ಧಿಯನ್ನು ಕಾಣಿಸುತ್ತದೆ. ಕೈಬರಹದ ನಕ್ಷೆ, ಕಾಗದದ ಪಡಿಯಚ್ಚು, ತಿದ್ದಿದ ಮೊದಲ ಮಾದರಿ, ಸಿದ್ಧ ಬೂಟು ಇವುಗಳನ್ನು ಕ್ರಮವಾಗಿ ಜೋಡಿಸಿದರೆ ಕೆಲಸ ಸಾಗಿದ ಹಾದಿ ತಾನಾಗಿ ತಿಳಿಯುತ್ತದೆ. ಹಲವರು ಕೂಡಿ ಮಾಡಿದ್ದರಲ್ಲಿ ತನ್ನ ಪಾಲೆಷ್ಟೆಂಬುದನ್ನು ಸ್ಪಷ್ಟಪಡಿಸಬೇಕು. ಮಾರುಕಟ್ಟೆಗೆ ಬಾರದ ಮಾದರಿಯನ್ನು ಸಂಸ್ಥೆಯ ಒಪ್ಪಿಗೆಯಿಲ್ಲದೆ ತೋರಿಸಬಾರದು.

ಸರಳ ವಸ್ತುವಿಗೂ ವಿವರಣೆಯಿಂದ ಮಾನ್ಯತೆ ದೊರೆಯುತ್ತದೆಂಬುದಕ್ಕೆ ಕೊಲ್ಹಾಪುರಿ ಚಪ್ಪಲಿ ನಿದರ್ಶನ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಲಭಿಸಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಯಾವ ಚರ್ಮ, ಯಾವ ಹದ, ಯಾವ ಹೊಲಿಗೆ ಎಂಬುದನ್ನು ಬರವಣಿಗೆಯಲ್ಲಿ ನಿರೂಪಿಸದೆ ಇಂಥ ಮಾನ್ಯತೆ ಸಿಗದು.

ಕಂಡದ್ದನ್ನು ಉತ್ಪ್ರೇಕ್ಷೆಯಿಲ್ಲದೆ, ಕಾರಣಸಹಿತವಾಗಿ ಬರೆಯುವುದು ಭಾಷಾ ತರಗತಿಯಲ್ಲಿ ಕಲಿಯುವ ವಿದ್ಯೆಯೇ. ಕನ್ನಡದಲ್ಲಿ ಅದನ್ನು ರೂಢಿಸಿಕೊಂಡ ವಿದ್ಯಾರ್ಥಿಗೆ ಯಾವ ವೃತ್ತಿಯಲ್ಲೂ ತನ್ನ ಸಾಧಾರಣ ಕೆಲಸದ ಬೆಲೆಯನ್ನು ತಿಳಿಯಹೇಳುವುದು ಕಷ್ಟವಾಗದು.