ಅಂಗಡಿ ಕಂಪ್ಯೂಟರ್ ನಡುನಡುವೆ ಬಂದ್ ಆಗ್ತದಾ? ಪ್ರೊಸೆಸರ್ ಬದಲಿಸುವ ಮೊದಲು ಫ್ಯಾನ್ ಬಿಚ್ಚಿ ನೋಡ್ರಿ

ಮುಗದ: ಅರ್ಜಿ ತುಂಬಿ ಓಟಿಪಿ ಹಾಕುವ ಹೊತ್ತಿಗೆ ಕಂಪ್ಯೂಟರ್ ಟಕ್ಕನೆ ಬಂದ್. ಎದುರಿಗೆ ಗಿರಾಕಿಗಳ ಸಾಲು. ಝೆರಾಕ್ಸ್, ಆನ್‌ಲೈನ್ ಸೆಂಟರ್ ಇಟ್ಟವರಿಗೆ ಇದು ಹೊಸದಲ್ಲ. ಅಸೆಂಬಲ್ ಮಾಡಿಸಿದ ಸಿಸ್ಟಮ್ ಆದರೆ ‘ಪ್ರೊಸೆಸರ್ ಹೋಗೇತ್ರಿ’ ಎಂಬ ಮಾತು ಬೇಗ ಬರುತ್ತದೆ. ಆದರೆ ಬಹಳ ಸಲ ಅದು ಹೋಗಿರುವುದಿಲ್ಲ, ಕಾದಿರುತ್ತದೆ ಅಷ್ಟೇ.

ಶಾಖ 95ರಿಂದ 100 ಡಿಗ್ರಿ ಸಮೀಪಿಸಿದರೆ ಈಗಿನ ಬಹುತೇಕ ಪ್ರೊಸೆಸರ್‌ಗಳು ತಾವೇ ವೇಗ ತಗ್ಗಿಸುತ್ತವೆ. ಆಗ ಸಿಸ್ಟಮ್ ತೆವಳುತ್ತದೆ. ಇನ್ನೂ ಏರಿದರೆ ಸುಟ್ಟುಹೋಗದಂತೆ ಬಂದ್ ಆಗಿಬಿಡುತ್ತದೆ.

ಮೊದಲು ಅಳತೆ ನೋಡ್ರಿ. ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ಕೆಲಸವಿಲ್ಲದಾಗ 35ರಿಂದ 50, ಕೆಲಸದಾಗ 80ರ ಆಸುಪಾಸು ಇದ್ದರೆ ಚಿಂತೆ ಬೇಡ. ಆನ್ ಮಾಡಿದ ಎರಡೇ ನಿಮಿಷಕ್ಕೆ 90 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ ಅಂತಲೇ ಅನುಮಾನ ಪಡಬೇಕು. ಇಂಟೆಲ್ ಡಬ್ಬಿಯೊಳಗೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದು ಸಡಿಲಾದರೂ ಕೂಲರ್ ಒಂದು ಬದಿ ಎದ್ದು ನಿಲ್ಲುತ್ತದೆ. ಧಾರವಾಡದಿಂದ ಬೈಕ್ ಹಿಂದೆ ಇಟ್ಟುಕೊಂಡು ತಂದ ಸಿಸ್ಟಮ್ ಆದರೆ ಇದನ್ನೇ ಮೊದಲು ನೋಡ್ರಿ.

ಕೂಲರ್ ಮತ್ತು ಪ್ರೊಸೆಸರ್ ನಡುವಿನ ಪೇಸ್ಟ್ ವರ್ಷಗಳಾದಂತೆ ಒಣಗುತ್ತದೆ. ಎರಡು ಲೋಹಗಳ ಮಧ್ಯೆ ಉಳಿಯುವ ಸಣ್ಣ ಸಂದು ತುಂಬುವುದಷ್ಟೇ ಅದರ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿದರೆ ಸಾಕು. ಎಎಂಡಿ ಎಎಂ4 ಸಿಸ್ಟಮ್ ಆದರೆ ಹತ್ತು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ ವೈರ್ ಕಿತ್ತ ಮೇಲೆ ಕೂಲರ್ ಮೆಲ್ಲಗೆ ತಿರುವಿ ತೆಗೀರಿ. ಸೀದಾ ಎಳೆದರೆ ಪ್ರೊಸೆಸರ್ ಸಮೇತ ಎದ್ದು ಬಂದು ಪಿನ್ ಬಾಗಬಹುದು.

ಇನ್ನು ಧೂಳು. ಭತ್ತದ ಹೊಟ್ಟು, ರಸ್ತೆಯ ಮಣ್ಣು ಎಲ್ಲ ಕೂಲರ್ ಸಂದಿಯಲ್ಲೇ ಕೂಡ್ತಾವ. ಫ್ಯಾನ್ ಬೆರಳಲ್ಲಿ ಹಿಡಿದು ಬ್ರಷ್‌ನಿಂದ ತೆಗೀರಿ. ಪಂಕ್ಚರ್ ಅಂಗಡಿ ಗಾಳಿ ಹೊಡೆಸಬ್ಯಾಡ್ರಿ, ಅದರ ಜತೆ ನೀರಿನ ಹನಿಯೂ ಬರುತ್ತದೆ. ಕ್ಯಾಬಿನೆಟ್‌ ಅನ್ನು ಟೇಬಲ್ ಖಾನೆಯೊಳಗೆ ಮುಚ್ಚಿಡುವುದೂ ತಪ್ಪು.

ಶಾಖ 60 ಇದ್ದಾಗಲೂ ಬಂದ್ ಆದರೆ ಪೇಸ್ಟ್‌ಗೆ ದುಡ್ಡು ಹಾಕಬೇಡಿ. ರ‍್ಯಾಮ್‌ ಅನ್ನು ಮೆಮ್‌ಟೆಸ್ಟ್86ನಿಂದ ಪರೀಕ್ಷಿಸಿ, ಎಸ್‌ಎಂಪಿಎಸ್, ಯುಪಿಎಸ್ ಬೇರೆ ಹಾಕಿ ನೋಡಿ. ವಿಂಡೋಸ್ ತೋರಿಸುವ ‘ಕರ್ನಲ್-ಪವರ್ 41’ ಸಿಸ್ಟಮ್ ಸರಿಯಾಗಿ ಬಂದ್ ಆಗಿಲ್ಲ ಅಂತ ಮಾತ್ರ ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಇಂಟೆಲ್ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರು ಇನ್ನೊಂದು ಗಮನಿಸಬೇಕು. ಇವುಗಳಲ್ಲಿ ಕೆಲವಕ್ಕೆ ವೋಲ್ಟೇಜ್ ಹೆಚ್ಚು ಹೋಗಿ ಹಾನಿಯಾಗುತ್ತಿರುವುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಕೊಟ್ಟಿತು. ಬಾಧಿತ ಮಾದರಿಗಳ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆಗಿರುವ ಹಾನಿ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ, ವಾರಂಟಿಯಲ್ಲಿ ಬದಲಿ ಕೇಳಬೇಕು. ಖರೀದಿಯ ಬಿಲ್, ಪ್ರೊಸೆಸರ್ ಡಬ್ಬಿ ಎರಡೂ ಹುಡುಕಿಟ್ಟುಕೊಳ್ರಿ.